ಯಂತ್ರಕ್ಕೆ ಓದು ಕಲಿಸಿದವರು

1988ರ ಮಾರ್ಚ್ 8, ಮಂಗಳವಾರ. ಬೆಳಗ್ಗೆ 10.40ಕ್ಕೆ ಮುದ್ರಣಾಲಯದ ಮ್ಯಾನೇಜರು ಏದುಸಿರು ಬಿಡುತ್ತ ಠಾಣೆಗೆ ಬಂದರು. ಅವರ ಕಂಪ್ಯೂಟರ್ ಕೋಣೆಯಿಂದ ಎರಡು ಫ್ಲಾಪಿಗಳು ಕಳುವಾಗಿದ್ದವು.

"ಅಷ್ಟು ದೊಡ್ಡ ಕಂಪ್ಯೂಟರ್ ಬಿಟ್ಟು ಫ್ಲಾಪಿ ಕದ್ದಿದಾನಾ? ಇವನ್ಯಾವ ಸೀಮೆ ಕಳ್ಳ ಸಾರ್!" ಎಂದು ನಕ್ಕ ಹೆಡ್ ಕಾನ್‌ಸ್ಟೇಬಲ್.

ಮ್ಯಾನೇಜರ ಮುಖ ನೋಡಿದ ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಅಚ್ಚಾದ ಪುಟವನ್ನು ಕಂಪ್ಯೂಟರ್ ತಾನೇ ಓದಬೇಕಾದರೆ ಯಾರಾದರೂ ಅದರ ಮುಂದೆ ಕೂತು ಒಂದೊಂದು ಅಕ್ಷರದ ಆಕಾರವನ್ನೂ ಪರಿಚಯಿಸಬೇಕು. ಹಾಗೆ ಎಂಟು ತಿಂಗಳು ಕಲಿಸಿದ್ದೆಲ್ಲ ಆ ಫ್ಲಾಪಿಗಳಲ್ಲಿತ್ತು, ನಕಲು ಇರಲಿಲ್ಲ. ಶುಕ್ರವಾರ ಆಡಳಿತ ಮಂಡಳಿಯ ಮುಂದೆ ಪ್ರದರ್ಶನ. ಫ್ಲಾಪಿ ಇಲ್ಲದಿದ್ದರೆ ಯಂತ್ರ ಶುದ್ಧ ನಿರಕ್ಷರಕುಕ್ಷಿ. ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಸ್ಥಳ ಪಂಚನಾಮೆ. ಕಪಾಟಿನ ಬೀಗ ಮುರಿದಿರಲಿಲ್ಲ. ಕಂಪ್ಯೂಟರ್, ಸ್ಕ್ಯಾನರ್, ಪ್ರಿಂಟರ್ ಇದ್ದಲ್ಲೇ ಇದ್ದವು. ಆದರೆ ಯಂತ್ರ ಓದಿ ಮುದ್ರಿಸಿದ ಹಾಳೆಗಳ ಕಟ್ಟಿನಲ್ಲಿ ಕೊನೆಯ ಎರಡು ತಿಂಗಳಿನವು ಕಾಣೆಯಾಗಿದ್ದವು.

"ಆ ಹಾಳೆಗಳಲ್ಲಿ ಏನಿತ್ತಮ್ಮ?" ಇನ್‌ಸ್ಪೆಕ್ಟರ್ ಆಪರೇಟರ್ ಹುಡುಗಿಯನ್ನು ಕೇಳಿದರು.

"ಬರೀ ತಪ್ಪು ಸಾರ್. ಮೊದಲು ಚೆನ್ನಾಗಿ ಓದ್ತಿತ್ತು. ಆಮೇಲೆ ದುಂಡಕ್ಷರ ಬಂದಾಗೆಲ್ಲ ಒಂದಕ್ಕೊಂದು ಅದಲು ಬದಲು."

"ಕಲಿಸ್ತಿದ್ದೋರು ಯಾರು?"

"ಪ್ರೂಫ್ ತಾತ. ನಿನ್ನೆಯಿಂದ ರಜಾ. ಕಪಾಟಿನ ಬೀಗದ ಕೈ ಅವರ ಹತ್ರಾನೂ ಒಂದಿದೆ."

ತಪ್ಪಿರುವ ಹಾಳೆಗಳನ್ನೇ ಆರಿಸಿಕೊಂಡು ಹೋಗುವ ಕಳ್ಳನನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಸಂಜೆ 4.10ಕ್ಕೆ ಅವರು ಕರಡು ತಿದ್ದುವ ಆ ಹಿರಿಯರ ಮನೆ ಬಾಗಿಲು ತಟ್ಟಿದರು. ಬಾಗಿಲು ತೆರೆದ ತಾತ ಸಮವಸ್ತ್ರ ನೋಡಿ ಗಾಬರಿಯಾಗಲಿಲ್ಲ. "ಯಾರು?" ಎಂದು ನಿಧಾನವಾಗಿ ಕೇಳಿದರು. ಇನ್‌ಸ್ಪೆಕ್ಟರಿಗೆ ಅಲ್ಲೇ ಅನುಮಾನ ಹುಟ್ಟಿತು.

"ಪಂಚನಾಮೆ ತಂದಿದೀವಿ. ಒಂದ್ಸಲ ಓದಿಬಿಡಿ" ಎಂದು ಒಂದು ಹಾಳೆ ಕೊಟ್ಟರು.

ತಾತ ಅದನ್ನು ಕಣ್ಣೆದುರು ಹಿಡಿದು ನಿರರ್ಗಳವಾಗಿ ಶುರುಮಾಡಿದರು: "ಈ ಕೆಳಗೆ ಸಹಿ ಮಾಡಿರುವ ಪಂಚರಾದ ನಾವು..." ಪೊಲೀಸರ ನಮೂನೆಗಳೆಲ್ಲ ಅಚ್ಚಾಗುತ್ತಿದ್ದದ್ದು ಅದೇ ಮುದ್ರಣಾಲಯದಲ್ಲಿ. ನಲವತ್ತು ವರ್ಷ ಅವುಗಳ ಕರಡು ತಿದ್ದಿದವರಿಗೆ ಪ್ರತಿ ಸಾಲೂ ಬಾಯಿಪಾಠ.

"ಯಜಮಾನರೇ, ನಾನು ಕೊಟ್ಟಿದ್ದು ಠಾಣೆ ಹಾಜರಿ ಪಟ್ಟಿ."

ತಾತ ಕುರ್ಚಿಯ ಕೈ ತಡಕಿ ಕೂತುಬಿಟ್ಟರು. ಒಳಗಿನಿಂದ ಬಂದ ಮಗಳು "ಅಪ್ಪಾ, ಕಣ್ಣು ಕಾಣ್ಸಲ್ವಾ ನಿಂಗೆ?" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಒಂದೇ ಮನೆಯಲ್ಲಿದ್ದವಳಿಗೂ ಅವರು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

"ಆರು ತಿಂಗಳಿಂದ ಮಂಜು, ಎರಡು ತಿಂಗಳಿಂದ ಅಕ್ಷರಾನೇ ಕಾಣ್ಸಲ್ಲ. ಅಂದಾಜಿನ ಮೇಲೆ ಹೇಳ್ಕೊಟ್ಟೆ, ಅದು ನಂಬಿಕೊಂಡು ಕಲೀತು. ಆ ಹುಡುಗಿ 'ತುಂಬಾ ತಪ್ಪು ತಾತ' ಅಂದ ದಿನಾನೇ ಗೊತ್ತಾಗಿದ್ದು. ನಲವತ್ತು ವರ್ಷ ನನ್ನ ಕೈ ದಾಟಿ ಒಂದು ತಪ್ಪು ಆಚೆ ಹೋಗಿಲ್ಲ ಸ್ವಾಮಿ. ಶುಕ್ರವಾರ ಎಲ್ಲರೆದುರಿಗೆ ಮಾನ ಹೋಗ್ತಿತ್ತು. ಅದೊಂದು ತಪ್ಪಲಿ, ಆಮೇಲೆ ಹಾಳೆ ಯಾರ ಕೈಲಾದ್ರೂ ಓದಿಸಿ ತಪ್ಪು ಗುರುತು ಮಾಡ್ಕೊಂಡು, ವಾಪಸ್ಸು ಇಟ್ಟುಬಿಡೋಣ ಅಂತಿದ್ದೆ."

ಕಾಣೆಯಾದ ಹಾಳೆಗಳ ನಡುವೆ ಫ್ಲಾಪಿಗಳು ಸಿಕ್ಕವು. 5.20ಕ್ಕೆ ಬಂಧನ. ಕಣ್ಣು ಕಾಣದವರಾದರೂ ಕೇಸು ಕೇಸೇ. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮ್ಯಾನೇಜರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಮ್ಯಾನೇಜರು "ನಮ್ಮನ್ನ ಕೇಳಿದ್ರೆ ಕಣ್ಣಿನ ಡಾಕ್ಟರ ಹತ್ರ ನಾವೇ ಕರ್ಕೊಂಡು ಹೋಗ್ತಿದ್ವಲ್ಲ ಸಾರ್" ಎಂದರು.

ತಾತನ ಹೇಳಿಕೆ ಬರೆದುಕೊಂಡದ್ದು ಬೆಳಗ್ಗೆ ನಕ್ಕಿದ್ದ ಅದೇ ಹೆಡ್ ಕಾನ್‌ಸ್ಟೇಬಲ್. ಸಹಿಗೆ ಮುಂಚೆ ಅದನ್ನು ಓದಿ ಹೇಳುವುದು ನಿಯಮ. ಅವನು ತಾತನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಒಂದೊಂದೇ ಮಾತು ಬಿಡಿಸಿ ಓದಿದ: "...ಸದರಿ ಫ್ಲಾಪಿಗಳನ್ನು ಯಾರಿಗೂ ತಿಳಿಸದೆ ಮನೆಗೆ ತೆಗೆದುಕೊಂಡು ಹೋದೆನು."

"ನಿಲ್ಲಿ ಸ್ವಲ್ಪ" ಎಂದರು ತಾತ. ಅವರ ಬಲಗೈ ಪೆನ್ನಿಗಾಗಿ ಮೇಜಿನ ಮೇಲೆ ತಡಕಾಡಿತು.

"ಏನ್ ತಾತ, ತಪ್ಪಾಯ್ತಾ?"

"ಆಯ್ತಪ್ಪ. ಕದ್ದೆ ಅಂತ ತಿದ್ದು."