ಕುಂಬಳಕಾಯಿ ಕೊಟ್ಟವಳು

"ಇಲ್ಲಿ ಕೂರಬಹುದಾ?"

ಆ ದನಿ ಕಿವಿಗೆ ಬಿದ್ದದ್ದೇ ತಡ, ಯಾರೆಂದು ಓರಿಸ್ಯಾಳಿಗೆ ಗೊತ್ತಾಯಿತು. ತಲೆ ಎತ್ತಲಿಲ್ಲ. ಎತ್ತುವ ಅಗತ್ಯವಾದರೂ ಏನು? ಏಳು ವರ್ಷವಲ್ಲ, ಎಪ್ಪತ್ತು ವರ್ಷವಾದರೂ ಅವಳು ಮರೆಯುವ ದನಿಯೇ ಅದು?

ಲ್ವಿವ್ ಒಪೆರಾದ ನೆಲಮಾಳಿಗೆ. ಮೇಲೆ ವಾಯುದಾಳಿಯ ಸೈರನ್ ಕೂಗುತ್ತಿತ್ತು. ರಿಹರ್ಸಲ್ ಅರ್ಧಕ್ಕೇ ಬಿಟ್ಟು ಎಲ್ಲರೂ ಕೆಳಗಿಳಿದು ಬಂದು ಬೆಂಚುಗಳ ಮೇಲೆ ಒತ್ತೊತ್ತಾಗಿ ಕುಳಿತಿದ್ದರು. ಖಾಲಿ ಉಳಿದದ್ದು ಓರಿಸ್ಯಾಳ ಪಕ್ಕದ ಜಾಗ ಒಂದೇ. ಹಣೆಬರಹ ಅಂದರೆ ಇದೇ ನೋಡಿ!

"ಕೂತ್ಕೊಳ್ಳಿ ಮಾರಾಯ್ರೇ, ಹೆದರಬೇಡಿ!" ಕೋರಸ್ಸಿನಲ್ಲಿ ಅವಳ ಜೊತೆ ಹಾಡುವ ಗೆಳತಿ ಹಲ್ಕಾ ಆಚೆ ಬೆಂಚಿನಿಂದ ಕೂಗಿದಳು. "ಇವತ್ತು ಇವಳ ಚೀಲದಲ್ಲಿ ಕುಂಬಳಕಾಯಿ ಇಲ್ಲ!"

ನೆಲಮಾಳಿಗೆಯೇ ಹಾರಿಹೋಗುವಂತೆ ನಗು.

ನೆಸ್ತೋರ್ ಹಲೈದಾ ಕೂಡ ಸಣ್ಣಗೆ ನಕ್ಕ. ವಿಯೆನ್ನಾ, ಪ್ಯಾರಿಸ್, ನ್ಯೂಯಾರ್ಕ್ ಎಂದು ಹೋದಲ್ಲೆಲ್ಲ ಗೆದ್ದುಬಂದ ಬ್ಯಾರಿಟೋನ್, ಅಂದರೆ ಗಂಭೀರ ದನಿಯ ಗಾಯಕ. ಆಸ್ಪತ್ರೆಯ ಗಾಯಾಳು ಸೈನಿಕರಿಗಾಗಿ ತಾಯ್ನಾಡಿನಲ್ಲಿ ಒಂದೇ ಒಂದು ಪ್ರದರ್ಶನ ಕೊಡಲು ಬಂದಿದ್ದ. ನಾಳೆ ಶನಿವಾರ ಮಧ್ಯಾಹ್ನ ಹಾಡು. ಭಾನುವಾರ ಸಂಜೆ ಮತ್ತೆ ಪೋಲೆಂಡಿನ ರೈಲು.

"ಚೆನ್ನಾಗಿದ್ದೀರಾ?" ಎಂದ.

'ಇದ್ದೀರಾ'... ಬಹುವಚನ! ಹಿಂದೆ ಇದೇ ಬಾಯಿ 'ಲೇ ಓರಿಸ್ಕಾ' ಎಂದು ಕರೆಯುತ್ತಿತ್ತು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ಇದ್ದೀನಿ," ಎಂದಳು. ಮುಖವೆಲ್ಲ ಬೆಂಕಿಯಾಗಿತ್ತು.

ನಮ್ಮ ಉಕ್ರೇನಿನ ಕಡೆ ಹುಡುಗ ಹೆಣ್ಣು ಕೇಳಲು ಇಬ್ಬರು ಹಿರಿಯರನ್ನು ಕರೆದುಕೊಂಡು ಬರುತ್ತಾನೆ. ಒಪ್ಪಿಗೆಯಾದರೆ ಹುಡುಗಿ ಆ ಹಿರಿಯರ ಹೆಗಲಿಗೆ ಕಸೂತಿ ವಸ್ತ್ರ ಕಟ್ಟುತ್ತಾಳೆ. ಒಲ್ಲೆ ಎಂದರೆ ಹುಡುಗನ ಕೈಗೊಂದು ಕುಂಬಳಕಾಯಿ! ಈಗೀಗ ಅದು ಬರೀ ತಮಾಷೆಯ ಮಾತು, ನಿಜಕ್ಕೂ ಯಾರು ಕೊಡುತ್ತಾರೆ?

ಓರಿಸ್ಯಾ ಕೊಟ್ಟಿದ್ದಳು. ಅದೂ ಇಡೀ ಹಳ್ಳಿ ಅಂಗಳದಲ್ಲಿ ನೆರೆದಿದ್ದಾಗ.

ನೆಸ್ತೋರ್ ಆಗಷ್ಟೇ ಜರ್ಮನಿಯ ಒಂದು ರಂಗಮಂದಿರದಲ್ಲಿ ಮೊದಲ ದೊಡ್ಡ ಪಾತ್ರ ಹಿಡಿದಿದ್ದ. ಒಂದು ವಾರ ರಜೆ ಹಾಕಿ, ಹಿರಿಯರನ್ನು ಕಟ್ಟಿಕೊಂಡು ಓಡಿಬಂದಿದ್ದ. ಅಮ್ಮ ಪೆಟ್ಟಿಗೆಯಿಂದ ಕಸೂತಿ ವಸ್ತ್ರ ತೆಗೆದು ಇಸ್ತ್ರಿ ಮಾಡಿಟ್ಟಿದ್ದಳು. ಅದೇ ಬೆಳಗ್ಗೆ ಓರಿಸ್ಯಾಳ ಮೊಬೈಲಿಗೆ ಒಂದು ಫೋಟೊ ಬಂತು. ಜರ್ಮನಿಯಲ್ಲೇ ನೆಲೆಸಿದ್ದ ಗೆಳತಿ ಕಳಿಸಿದ್ದು. ಗೋಡೆಯಷ್ಟು ದೊಡ್ಡ ಪೋಸ್ಟರ್, ಅದರಲ್ಲಿ ನಗುತ್ತಿರುವ ನೆಸ್ತೋರ್. ಕೆಳಗೆ 'ರಷ್ಯಾದ ಪ್ರಖ್ಯಾತ ಬ್ಯಾರಿಟೋನ್.'

ರಷ್ಯಾದ!

ಪೂರ್ವದ ಗಡಿಯಲ್ಲಿ ರಷ್ಯಾದವರೊಂದಿಗೆ ಹೋರಾಡಿ ಸತ್ತ ಅಣ್ಣ ರೋಮ್ಕೋನ ಫೋಟೊ ಅವಳ ಮನೆಯ ಗೋಡೆಯ ಮೇಲಿತ್ತು. ಅವನನ್ನು ಮಣ್ಣು ಮಾಡಿ ಎರಡು ವರ್ಷ ತುಂಬಿರಲಿಲ್ಲ. ಓರಿಸ್ಯಾಳ ರಕ್ತ ಕುದಿಯಿತು. ಏನು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. ನೇರ ಅಂಗಳಕ್ಕೆ ಹೋಗಿ, ರಾಶಿಯಲ್ಲಿದ್ದ ಅತಿ ದೊಡ್ಡ ಕುಂಬಳಕಾಯಿ ಎತ್ತಿ ಅವನ ಎದೆಗೆ ಒತ್ತಿದ್ದಳು.

"ತಗೊಂಡು ಹೋಗು! ನಿಮ್ಮ ಮಾಸ್ಕೋದಲ್ಲಿ ಬೇಯಿಸ್ಕೊಂಡು ತಿನ್ನು!"

ಅವನು ಒಂದು ಮಾತಾಡಲಿಲ್ಲ. ಕುಂಬಳಕಾಯಿಯನ್ನು ಮಗುವಿನಂತೆ ಅಪ್ಪಿಕೊಂಡು ಬಸ್ಸು ಹತ್ತಿದ. ಅಷ್ಟೇ... ಏಳು ವರ್ಷ.

"ಏನೇ ಹೇಳು ನೆಸ್ತೋರ್," ಕೋರಸ್ ಮೇಷ್ಟ್ರು ಝೆನೋವಿ ಚಹಾ ಹೀರುತ್ತಾ ಮಾತು ತೆಗೆದರು. ವಯಸ್ಸಾಗಿತ್ತು, ಬಾಯಿಗೆ ಮಾತ್ರ ಬೀಗವಿರಲಿಲ್ಲ. "ಪೋಸ್ಟರ್‌ನಲ್ಲಿ ರಷ್ಯಾದವನು ಅಂತ ಹಾಕಿದ್ದಕ್ಕೆ ಹಾಡಲ್ಲ ಅಂತ ಎದ್ದು ಬಂದೆಯಲ್ಲ, ಗಂಡು ಕಣಯ್ಯಾ ನೀನು! ಕೆಲಸ ಹೋಯ್ತು, ಎರಡು ವರ್ಷ ಯಾವನೂ ಪಾತ್ರ ಕೊಡ್ಲಿಲ್ಲ. ಗೋದಾಮಲ್ಲಿ ಪೆಟ್ಟಿಗೆ ಹೊತ್ತೆಯಂತೆ? ನನಗೆ ಮೊನ್ನೆಯಷ್ಟೇ ಗೊತ್ತಾಯ್ತು."

"ಬಿಡಿ ಮೇಷ್ಟ್ರೇ, ಹಳೇ ಕಥೆ."

ಓರಿಸ್ಯಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಯಾ... ಯಾವಾಗ ಮೇಷ್ಟ್ರೇ ಇದು?"

"ನೀನು ಕುಂಬಳಕಾಯಿ ಕೊಟ್ಟು ಕಳಿಸಿದೆಯಲ್ಲ ತಾಯಿ, ಅದೇ ಚಳಿಗಾಲ."

ಅಯ್ಯೋ ದೇವರೇ! ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ದೇಶಕ್ಕಾಗಿ ಅನ್ನ ಬಿಟ್ಟವನನ್ನು ದೇಶದ್ರೋಹಿ ಎಂದು ಊರ ಮುಂದೆ ನಿಲ್ಲಿಸಿದೆನಲ್ಲ! ಏಳು ವರ್ಷ ಇವರೆಲ್ಲ ನಕ್ಕರು... ಆ ನಗುವಿನಲ್ಲಿ ನಾನೂ ಸೇರಿಕೊಂಡೆನಲ್ಲ!

ಅಪಾಯ ಕಳೆಯಿತೆಂದು ಸೈರನ್ ಹೇಳಿತು. ಎಲ್ಲರೂ ಮೆಟ್ಟಿಲು ಹತ್ತಿದರು. ರಿಹರ್ಸಲ್ ಮುಂದುವರಿಯಿತು.

ಮರುದಿನ ಪ್ರದರ್ಶನಕ್ಕೆ ಮೊದಲು ಅವನ ಕೋಣೆಯ ಬಾಗಿಲವರೆಗೆ ಹೋದಳು. ಒಳಗೆ ಹೂಗುಚ್ಛ ಹಿಡಿದ ಜನ. ಹಿಂದೆ ಸರಿದಳು.

"ಆಮೇಲೆ ಒಬ್ಬನೇ ಸಿಕ್ಕಾಗ ಮೆಲ್ಲಗೆ ಸಾರಿ ಕೇಳೇ," ಎಂದಳು ಹಲ್ಕಾ, ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾ.

"ಊರ ಮುಂದೆ ಮರ್ಯಾದೆ ತೆಗೆದು, ಮೂಲೇಲಿ ಸಾರಿ ಕೇಳೋದಾ? ಥೂ! ನನ್ನ ಮುಖಕ್ಕಿಷ್ಟು..."

"ಮತ್ತೇನ್ ಮಾಡ್ತೀಯಾ?"

ಓರಿಸ್ಯಾ ತನ್ನ ತಲೆಬಟ್ಟೆ ಬಿಗಿದುಕೊಂಡು ರಂಗದತ್ತ ನಡೆದಳು.

ಅಂದು ನೆಸ್ತೋರ್ ಮುದಿ ಸರದಾರನಾಗಿ ಹಾಡಿದ. ಒಪೆರಾದಲ್ಲಿ ಬ್ಯಾರಿಟೋನ್‌ಗಳ ಪಾಡೇ ಅಷ್ಟು: ಒಂದೋ ಅಪ್ಪ, ಇಲ್ಲವೇ ಖಳ. ನಾಯಕಿಯನ್ನು ಕೊನೆಗೆ ಏರುದನಿಯ ಟೆನರ್ ಹೊಡೆದುಕೊಂಡು ಹೋಗುತ್ತಾನೆ! ಆದರೆ ಅವನ ದನಿಗೆ ಮೊದಲ ಸಾಲಿನಲ್ಲಿ ಊರುಗೋಲು ಹಿಡಿದು ಕುಳಿತ ಸೈನಿಕರು ಮಕ್ಕಳ ಹಾಗೆ ಅತ್ತರು. ಹಿಂದಿನ ಸಾಲಿನಲ್ಲಿ ಹಳ್ಳಿಯ ಹೆಣ್ಣಿನ ವೇಷದಲ್ಲಿ ನಿಂತ ಓರಿಸ್ಯಾಳೂ ಅತ್ತಳು.

ಚಪ್ಪಾಳೆ ಮುಗಿದು ಪರದೆ ಬಿತ್ತು. ಎಲ್ಲರೂ ಇನ್ನೂ ರಂಗದ ಮೇಲಿದ್ದರು. ಇಡೀ ಕೋರಸ್, ವಾದ್ಯದವರು, ದೀಪದವರು... ಈಗಲ್ಲದಿದ್ದರೆ ಇನ್ನೆಂದೂ ಇಲ್ಲ!

ಓರಿಸ್ಯಾ ಸಾಲು ಬಿಟ್ಟು ಮುಂದೆ ಬಂದಳು.

"ನೆಸ್ತೋರ್! ಎಲ್ಲರೂ ಕೇಳಿ!"

ಗದ್ದಲ ಗಪ್ಪೆಂದು ನಿಂತಿತು.

"ಏಳು ವರ್ಷದ ಹಿಂದೆ ಇವನಿಗೆ ಕುಂಬಳಕಾಯಿ ಕೊಟ್ಟು ನಗೆಪಾಟಲು ಮಾಡಿದ್ದು ನಾನು. ತಪ್ಪು ನಂದು. ಒಂದು ಮಾತು ಕೇಳದೆ... ನಾನೇ ತೀರ್ಪು ಕೊಟ್ಟುಬಿಟ್ಟೆ. ಇನ್ಮೇಲೆ ನಗೋದಿದ್ರೆ ನನ್ನ ನೋಡಿ ನಗಿ." ಅವನತ್ತ ತಿರುಗಿದಳು. "ನನ್ನ ಕ್ಷಮಿಸು ನೆಸ್ತೋರ್... ನಾಚಿಕೆಯಾಗ್ತಿದೆ ನಂಗೆ."

ಯಾರೂ ನಗಲಿಲ್ಲ. ಹಲ್ಕಾ ಸೆರಗಿನಂತಿದ್ದ ತಲೆಬಟ್ಟೆಯಲ್ಲಿ ಮೂಗು ಒರೆಸಿಕೊಂಡಳು.

ನೆಸ್ತೋರ್ ತಲೆ ತಗ್ಗಿಸಿದ್ದ. ಅಂಟಿಸಿದ ಬಿಳಿ ಗಡ್ಡ ಬೆವರಿಗೆ ಒಂದು ಕಡೆ ಕಿತ್ತು ಜೋತಾಡುತ್ತಿತ್ತು.

"ನೀನು ಅರ್ಧ ಸರಿ ಇದ್ದೆ ಓರಿಸ್ಕಾ."

ಓರಿಸ್ಕಾ...!

"ಆ ಪೋಸ್ಟರ್ ನಾನು ಮೊದಲ ದಿನವೇ ನೋಡಿದ್ದೆ," ಎಂದ. ಸಾವಿರ ಜನಕ್ಕೆ ಕೇಳುವ ಆ ದನಿ ಈಗ ಗುಸುಗುಸು ಆಗಿತ್ತು. "ಪಾತ್ರ ಕೈ ತಪ್ಪುತ್ತೆ ಅಂತ ಹೆದರಿ, ಚಕಾರ ಎತ್ತದೆ ಮೂರು ಆಟ ಹಾಡಿದೆ. ರೋಮ್ಕೋ ನನ್ನ ಜೊತೆ ಆಡಿ ಬೆಳೆದವನು, ಆದ್ರೂ ಹಾಡಿದೆ. ಯಾರಿಗೂ ಹೇಳಿಲ್ಲ ಇದನ್ನ. ಅದಕ್ಕೇ ಅವತ್ತು ನನಗೆ ಮಾತು ಬರಲಿಲ್ಲ. ಆ ಕುಂಬಳಕಾಯಿ ನನಗೆ ಸಿಗಬೇಕಾದ್ದೇ."

"ಮತ್ತೆ... ಆಮೇಲೆ?"

"ಅದನ್ನೇ ಹೊತ್ಕೊಂಡು ಜರ್ಮನಿಗೆ ಹೋದೆ. ಮ್ಯಾನೇಜರ್ ಮೇಜಿನ ಮೇಲೆ ಇಟ್ಟು, ನಾನು ಉಕ್ರೇನಿನವನು, ತಿದ್ದಿ, ಇಲ್ಲಾಂದ್ರೆ ಹಾಡಲ್ಲ ಅಂದೆ. ಪಾಪ, ಆ ಮನುಷ್ಯನಿಗೆ ಕುಂಬಳಕಾಯಿ ಯಾಕೆ ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ!"

ಓರಿಸ್ಯಾ ಅಳುತ್ತಲೇ ನಕ್ಕುಬಿಟ್ಟಳು. ಇಡೀ ರಂಗವೇ ನಕ್ಕಿತು. ಈ ಸಲದ ನಗು ಚುಚ್ಚಲಿಲ್ಲ.

"ನನಗೊಂದು ಫೋನ್ ಮಾಡಬಾರದಿತ್ತಾ?"

"ಯಾವ ಮುಖ ಇಟ್ಕೊಂಡು ಮಾಡ್ಲಿ?"

"ನನ್ನ ಹಾಗೇ ನೀನೂ ದಡ್ಡ."

"ಹೌದು."

ಝೆನೋವಿ ಮೇಷ್ಟ್ರು ಕೆಮ್ಮಿದರು. "ಹೋಗ್ರೋ, ವೇಷ ಬಿಚ್ಚಿ ಎಲ್ಲಾ! ಇಲ್ಲೇನು ನಾಟಕ ನೋಡ್ತಾ ನಿಂತಿದ್ದೀರಾ?" ಎಂದು ಎಲ್ಲರನ್ನೂ ಅಟ್ಟಿದರು. ತಾವು ಮಾತ್ರ ಕಂಬದ ಮರೆಯಲ್ಲಿ ನಿಂತು ಕಿವಿ ಇತ್ತಲೇ ಇಟ್ಟಿದ್ದರು ಎನ್ನಿ.

ನೆಸ್ತೋರ್ ಹತ್ತಿರ ಬಂದ. ಅವಳು ಕೈಯೆತ್ತಿ ಅವನ ಜೋತಾಡುವ ಗಡ್ಡವನ್ನು ಮೆಲ್ಲಗೆ ಕಿತ್ತಳು. ಅಡಿಯಲ್ಲಿ ಅದೇ ಹಳೆಯ ಮುಖವಿತ್ತು.

"ನಾಳೆ ಸಂಜೆ ಅಲ್ವಾ ರೈಲು?" ಎಂದಳು.

"ಹೂಂ. ಬೆಳಗ್ಗೆ ಬಿಡುವಿದೆ." ಅವನು ಕಂಬದ ಕಡೆ ಒಮ್ಮೆ ನೋಡಿದ. "ಮೇಷ್ಟ್ರನ್ನೂ ಇನ್ನೊಬ್ಬ ಹಿರಿಯರನ್ನೂ ಕರ್ಕೊಂಡು ನಿಮ್ಮ ಹಳ್ಳಿ ಕಡೆ ಬಂದ್ರೆ... ಅಂಗಳದಲ್ಲಿ ಕುಂಬಳಕಾಯಿ ಇದೆಯಾ?"

"ರಾಶಿ ಬಿದ್ದಿದೆ."

ಅವನ ಮುಖ ಸಪ್ಪಗಾಯಿತು. "ಹಾಗಾದ್ರೆ?"

"ಬೆಳಗ್ಗೆನೇ ಎದ್ದು ಎಲ್ಲಾ ಹೆಚ್ಚಿ, ಹಾಲು ಹಾಕಿ ಗಂಜಿ ಮಾಡಿಬಿಡ್ತೀನಿ," ಎಂದಳು ಓರಿಸ್ಯಾ. "ಹಸ್ಕೊಂಡು ಬಾ."