ಮುರಿಯದ ರೊಟ್ಟಿ

ಕಾರಿನ ಹಿಂದಿನ ಬಾಗಿಲು ತೆಗೆದ ಮಾಳವಿಕಾ ಹಾಗೆಯೇ ನಿಂತುಬಿಟ್ಟಳು.

ಅವಳು ಯಾವಾಗಲೂ ಕೂಡುವ ಕಿಟಕಿ ಪಕ್ಕದ ಜಾಗದಲ್ಲಿ ಯಾರೋ ಅಪರಿಚಿತ ಕುಳಿತಿದ್ದ! ತೊಡೆಯ ಮೇಲೆ ಚಿಗವ್ವನ ಬುತ್ತಿ ಚೀಲ. ಅವಳನ್ನು ಕಂಡದ್ದೇ ಗಡಬಡಿಸಿ ಆಚೆ ಸರಿದ. ಕಣ್ಣಿಗೆ ಕಣ್ಣು ಸೇರಿದ್ದು ಒಂದೇ ಗಳಿಗೆ… ಅವನ ಕಣ್ಣುಗಳೂ ನಿದ್ದೆಗೆಟ್ಟ ಅವಳ ಕಣ್ಣುಗಳಷ್ಟೇ ಕೆಂಪಗಿದ್ದವು.

"ಇವರು ರುದ್ರೇಶ. ಕಲಬುರಗಿ ಕಡಿಯವರು, ಈಸ್ಟ್ ಹ್ಯಾಮ್‌ನ್ಯಾಗ ಇರ್ತಾರ," ಮುಂದಿನ ಸೀಟಿನಿಂದ ಶೇಖರಪ್ಪ ಕಾಕಾ ಹೇಳಿದರು. "ವಿಂಡ್ಸರ್ ಕೋಟಿ ನೋಡಿಲ್ಲಂತ. ನಮ್ಮ ಕೂಡ ಬರ್ರಿ ಅಂದೆ."

ಮಾಳವಿಕಾಗೆ ಅರ್ಥವಾಯಿತು. ನೋಡಬೇಕಾಗಿದ್ದದ್ದು ಕೋಟೆಯನ್ನಲ್ಲ… ತನ್ನನ್ನು!

ಕಾರಿನ ಬಾಗಿಲು ಹಾಕಿ, ಮನೆಗೆ ಬೀಗ ಹಾಕುತ್ತಿದ್ದ ಚಿಗವ್ವ ನೀಲವ್ವನ ಹತ್ತಿರ ಹೋದಳು. "ರಾತ್ರಿ ಪಾಳ್ಯಾಗ ಹನ್ನೆರಡು ತಾಸು ನಿಂತು ಬಂದೀನಿ ಚಿಗವ್ವಾ. ಮೊದಲ ಒಂದು ಮಾತು ಹೇಳಬಾರದೇನ?"

"ಹೇಳಿದ್ರ ನೀ ಬರ್ತಿದ್ದೇನು?" ನೀಲವ್ವ ಪಿಸುಗುಟ್ಟಿದಳು. "ಮಧ್ಯಾಹ್ನ ಬುತ್ತಿ ಬಿಚ್ಚತೀನಿ. ಅಂವ ರೊಟ್ಟಿ ಮುರದಾ ಅಂದ್ರ ಒಪ್ಪಿದಂಗ. ಸುಮ್ಮನ ನಡಿ."

ಅವರ ಕಡೆ ಹೆಣ್ಣು ನೋಡಲು ಬಂದವರು ಚಹಾ ಕುಡಿಯುತ್ತಾರೆ, ಉಣ್ಣುವುದಿಲ್ಲ. ಮನಸ್ಸಿಗೆ ಬಂದರಷ್ಟೇ ಆ ಮನೆಯ ರೊಟ್ಟಿ ಮುರಿಯುತ್ತಾರೆ. ಎರಡು ವರ್ಷಗಳಲ್ಲಿ ಇಂಗ್ಲೆಂಡಿನ ಇಲ್ಫರ್ಡಿನ ಈ ಮನೆಗೆ ಮೂರು ಕಡೆಯವರು ಬಂದಿದ್ದರು. ಒಬ್ಬ, ರಾತ್ರಿ ಪಾಳಿ ಬಿಡುತ್ತೀರಾ ಎಂದು ಕೇಳಿದ್ದ. ಇನ್ನೊಬ್ಬನ ತಾಯಿ, ಅವಳ ವಯಸ್ಸು ಮೂವತ್ತಮೂರು ಎಂದು ಕೇಳಿದ್ದೇ ಚಹಾದ ಕಪ್ಪು ಕೆಳಗಿಟ್ಟಿದ್ದಳು. ಮೂರನೆಯವನು ಏನೂ ಕೇಳಿರಲಿಲ್ಲ. ಎಲ್ಲರೂ ಚಹಾ ಕುಡಿದು ಎದ್ದುಹೋಗಿದ್ದರು.

ಇವನೂ ಹೋಗುತ್ತಾನೆ… ಹೋಗಲಿ. ಸಿಟ್ಟು ಮಾಡಲೂ ತ್ರಾಣವಿಲ್ಲ.

ಮೋಟರ್‌ವೇ ಸೇರುವುದರೊಳಗೆ ಅವಳಿಗೆ ನಿದ್ದೆ ಹತ್ತಿತು. ವೃದ್ಧಾಶ್ರಮದಲ್ಲಿ ಇಡೀ ರಾತ್ರಿ ಮುದುಕರನ್ನು ಎತ್ತಿ, ಮಗ್ಗುಲು ಬದಲಿಸಿ ಬಂದ ಮೈ; ನೊಗ ಇಳಿಸಿದ ಎತ್ತು ಮಲಗಿದ ಹಾಗೆ ಮಲಗಿತು.

ಎಚ್ಚರವಾದಾಗ ಕಾರು ಟ್ರಾಫಿಕ್ಕಿನಲ್ಲಿ ನಿಂತಿತ್ತು. ಹೊರಗೆ ರಣಬಿಸಿಲು. ಆದರೆ ಅವಳ ಮುಖದ ಮೇಲೆ ನೆರಳಿತ್ತು. ಕಿಟಕಿಯ ಗಾಜಿಗೆ ಸಿಕ್ಕಿಸಿದ ಕಪ್ಪು ಜಾಕೆಟ್ಟು! ಕಾಕಾ ಕಾರಿನಲ್ಲಿ ಹಚ್ಚಿದ್ದ ಹಾಡುಗಳೂ ಬಂದ್ ಆಗಿದ್ದವು.

"ನಿಮ್ಮದಾ?"

"ಹೌದ್ರಿ." ಅವನು ಅವಳತ್ತ ತಿರುಗಲಿಲ್ಲ. "ನಾನೂ ರಾತ್ರಿ ರೈಲು ಹಳಿ ಮ್ಯಾಲ ಕೆಲಸ ಮಾಡಾಂವ. ಮುಂಜಾನಿ ಬಿಸಿಲು ಕಣ್ಣಿಗೆ ಹೆಂಗ ಚುಚ್ಚತದ, ಗೊತ್ತದ."

ಅಷ್ಟೇ ಮಾತು. ಅವಳು ಮತ್ತೆ ಕಣ್ಣು ಮುಚ್ಚಿದಳು. ನಿದ್ದೆ ಮಾತ್ರ ಬರಲಿಲ್ಲ.

ವಿಂಡ್ಸರ್ ತಲುಪಿದರೆ ಕೋಟೆಯ ಬಾಗಿಲು ಹಾಕಿತ್ತು.

"ಮಂಗಳವಾರ ರಜಾ ಅಂತ!" ಫಲಕ ಓದಿ ಕಾಕಾ ಹಣೆ ಬಡಿದುಕೊಂಡರು.

"ರಾಹುಕಾಲ ನೋಡಿದ್ರಿ, ಗುಳಿಕ ಕಾಲ ನೋಡಿದ್ರಿ," ಎಂದಳು ನೀಲವ್ವ. "ಇಂಗ್ಲೆಂಡ್ ರಾಜಾಂದು ರಜಾ ನಿಮ್ಮ ಪಂಚಾಂಗದಾಗ ಇರಲಿಲ್ಲೇನ್ರಿ?"

ರುದ್ರೇಶ ನಕ್ಕ. ಬೇಡವೆಂದರೂ ಮಾಳವಿಕಾಗೂ ನಗು ಬಂತು.

ಕೋಟೆಯ ಹಿಂದೆ ನೇಗಿಲು ಎಳೆದ ಸಾಲಿನಂತೆ ನೆಟ್ಟಗೆ, ಎರಡೂವರೆ ಮೈಲಿ ದಾರಿ. ಎರಡೂ ಬದಿಗೆ ಮರಗಳು. ಅಲ್ಲೇ ಹುಲ್ಲಿನ ಮೇಲೆ ನೀಲವ್ವ ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ.

ಮೊದಲ ರೊಟ್ಟಿ ರುದ್ರೇಶನ ಮುಂದೆ ಹೋಯಿತು. ಕಾಕಾ ಉಸಿರು ಬಿಗಿಹಿಡಿದರು. ಮಾಳವಿಕಾ ಹುಲ್ಲು ಕೀಳುತ್ತ ಕುಳಿತಳು.

ಅವನು ರೊಟ್ಟಿ ನೋಡಿದ. ಆಮೇಲೆ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡ್ರಿ ಅವ್ವಾ. ನೀರಷ್ಟ ಸಾಕು."

ನೀಲವ್ವ ಸಪ್ಪಳವಾಗದಂತೆ ಡಬ್ಬಿಯ ಮುಚ್ಚಳ ಹಾಕಿದಳು.

ನಾಲ್ಕನೆಯವನು… ರೂಢಿಯಾಗಿರಬೇಕಿತ್ತಲ್ಲ? ಮತ್ತೇಕೆ ಈ ಸಲ ಇಷ್ಟು ನೋವು? ಒಂದು ಜಾಕೆಟ್ಟಿನ ನೆರಳಿಗೆ ಇಷ್ಟು ಆಸೆ ಪಟ್ಟೆನೇ!

"ಸ್ವಲ್ಪ ಅಡ್ಡಾಡಿ ಬರ್ತೀನಿ." ಅಲ್ಲಿ ಕುಳಿತರೆ ಅತ್ತುಬಿಡುವೆನೆಂದು ಎದ್ದಳು. ನೀಲವ್ವ ಬುತ್ತಿ ಚೀಲವನ್ನು ಅವಳ ಕೈಗೇ ತುರುಕಿದಳು. "ನೀನೂ ಏನೂ ತಿಂದಿಲ್ಲ ತಂಗೀ."

ನೂರು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಹಿಂದೆ ಕಾಲ ಸಪ್ಪಳ ಕೇಳಿತು.

"ಇನ್ನ ಯಾಕ ಬೆನ್ನ ಹತ್ತೀರಿ?" ತಿರುಗದೆಯೇ ಕೇಳಿದಳು. "ರೊಟ್ಟಿ ಮುಟ್ಟಲಿಲ್ಲ. ಉತ್ತರ ಕೊಟ್ಟಾತಲ್ಲ?"

"ಅದು ಉತ್ತರ ಅಲ್ರೀ!" ಅವನು ಏದುಸಿರು ಬಿಡುತ್ತ ಮುಂದೆ ಬಂದು ನಿಂತ. "ನಾ ಮುರದಿದ್ರ ಏನಾಗ್ತಿತ್ತು? ನಿಮ್ಮ ಕಾಕಾ ಅಲ್ಲೇ ಊರಿಗೆ ಫೋನ್ ಹಚ್ಚತಿದ್ರು. ಎಲ್ಲಾ ಮುಗೀತಿತ್ತು. ನಿಮ್ಮನ್ನ ಯಾರ ಕೇಳತಿದ್ರು?"

ಅವಳು ತಲೆ ಎತ್ತಿ ಅವನನ್ನು ನೋಡಿದಳು.

"ನಮ್ಮ ಅಕ್ಕಂದು ಹಂಗೇ ಆತ್ರಿ. ಬಂದವರು ಹೊಟ್ಟಿ ತುಂಬ ಉಂಡ್ರು. ಮನಿ ಮಂದಿ ಎಲ್ಲಾ ನಕ್ರು. ಆಕಿ ಒಳಗ ಒಲಿ ಮುಂದ ರೊಟ್ಟಿ ಬಡೀತಿದ್ಲು… ಒಬ್ಬರೂ ಕೇಳಲಿಲ್ಲ, ನಿನಗ ಮನಸದ ಏನ್ ಅಂತ. ಇವತ್ತಿಗೂ ಆಕಿ ಮುಖ ನೋಡಿದ್ರ…" ಅವನು ಮಾತು ನುಂಗಿದ. "ನಾ ಒಪ್ಪೀನ್ರಿ. ಕಾರಿನ ಬಾಗಿಲ ತಗದ್ರಲ್ಲ, ಆವಾಗೇ. ಆದ್ರ ಅದು ನನ್ನ ಪಾಲಿಂದು. ನಿಮ್ಮ ಪಾಲಿಂದು ನೀವ ಹೇಳಬೇಕು. ಇವತ್ತೇ ಅಂತಲ್ಲ. ಇಲ್ಲ ಅಂದ್ರೂ ನಡೀತದ."

ದೂರದಲ್ಲಿ ಜಿಂಕೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಹಿಂದೆ ಬಂದವರು ವಯಸ್ಸು ಕೇಳಿದ್ದರು, ಪಾಳಿ ಕೇಳಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ…

"ರಾತ್ರಿ ಪಾಳಿ ನಾ ಬಿಡೂದಿಲ್ಲ," ಎಂದಳು.

"ನನ್ನ ಹಳಿನೂ ನನ್ನ ಬಿಡೂದಿಲ್ಲ. ಹಗಲ ಮಲಗಾಕ ಮನಿಗೆ ದಪ್ಪನ ಪರದೆ ಹಾಕ್ಸೂಣು."

ಅವಳು ದಾರಿಯ ಅಂಚಿನಲ್ಲಿ ಹುಲ್ಲಿನ ಮೇಲೆ ಕುಳಿತಳು. ಚೀಲದೊಳಗಿನ ಡಬ್ಬಿ ತೆರೆದು ಒಂದು ರೊಟ್ಟಿ ತೆಗೆದಳು. ಎರಡೂ ಕೈಯಲ್ಲಿ ಹಿಡಿದು…

ಕಟಕ್!

ಅರ್ಧವನ್ನು ಅವನತ್ತ ಚಾಚಿದಳು.

"ನಿದ್ದಿಗಣ್ಣಾಗ ಮುರದಿಲ್ಲಲ್ಲ?" ಅವನ ದನಿ ಒಣಗಿತ್ತು.

"ನಿದ್ದಿ ಆತು. ನಿಮ್ಮ ಜಾಕೆಟ್ಟಿನ ನೆರಳಾಗ."

ಅವನು ಪಕ್ಕದಲ್ಲಿ ಕುಳಿತು ರೊಟ್ಟಿ ಕಚ್ಚಿದ. ಕಣ್ಣಲ್ಲಿ ನೀರು ಬಂತು.

"ಚಟ್ನಿ ಖಾರ ಆತೇನ್ರಿ?"

"ಚಟ್ನಿ ಇನ್ನೂ ಹಚ್ಚಿಲ್ರೀ…"

ಅವಳು ನಕ್ಕು ಚಟ್ನಿ ಡಬ್ಬಿಯನ್ನು ಅವನತ್ತ ಸರಿಸಿದಳು.

"ಮತ್ತ ಕೋಟಿ ನೋಡೂದು?" ಅವನು ಮೆಲ್ಲಗೆ ಕೇಳಿದ.

"ಇಬ್ಬರೂ ಕೂಡಿ ಬರೂಣು. ಮಂಗಳವಾರ ಒಂದು ಬಿಟ್ಟು!"