ಹದಿನೈದನೆಯ ಹೆಸರು

ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ತಪ್ಪು ಪಟ್ಟಿಯಲ್ಲಿತ್ತು.

ಒಮ್ಮೆ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಕೆಮಿಕಲ್ ಎಂಜಿನಿಯರಿಂಗ್, ಆರನೇ ಸೆಮಿಸ್ಟರ್, ಇಲೆಕ್ಟಿವ್: ಫುಡ್ ಪ್ರೊಸೆಸಿಂಗ್. ಹನ್ನೊಂದನೆಯ ಹೆಸರು ಭರತ, ಊರು ಕಾಗವಾಡ. ಹನ್ನೆರಡನೆಯದು ದಾನೇಶ್ವರಿ, ಊರು ದಿಗ್ಗೇವಾಡಿ. ಆ ಊರಿನ ಆ ಹೆಸರಿನವಳು ಇಡೀ ಕಾಲೇಜಿಗೆ ನಾನೊಬ್ಬಳೇ.

ನಾನು ಕೇಳಿದ್ದು ಶುಗರ್ ಟೆಕ್ನಾಲಜಿ.

"ಏನ ಬೇ ದಾನಿ, ನೀ ಫುಡ್‌ಗೆ ಹೋದಿ?" ಹಿಂದಿನಿಂದ ಸುಜಾತಾ ಕೇಳಿದಳು. ಹಾಸ್ಟೆಲಿನಲ್ಲಿ ನನ್ನ ರೂಮಿನವಳು. "ವರ್ಷೆಲ್ಲಾ ಶುಗರ್ ಶುಗರ್ ಅಂತ ನಮ್ಮ ತಲಿ ತಿಂದಿ. ನೀ ಅಂದಿ ಅಂತ ನಾ ಶುಗರ್ ಹಾಕಿದ್ನಿ. ಈಗ ನೋಡು, ಕ್ಯಾನ್ಸಲ್ ಆಗೇತಿ."

"ಕ್ಯಾನ್ಸಲ್?"

"ಹದಿನೈದ ಮಂದಿ ಬೇಕಿತ್ತು. ಹದಿನಾಕ ಮಂದಿ ಆಗೇವಿ. ನಮ್ಮನ್ನೆಲ್ಲಾ ಪಾಲಿಮರ್‌ಗೆ ದಬ್ಬತಾರಂತ."

ನನ್ನ ಮೈಯೆಲ್ಲ ಉರಿದುಹೋಯಿತು. ಹದಿನೈದನೆಯವಳು ನಾನೇ ಆಗಬೇಕಿತ್ತು.

ಶುಗರ್ ಟೆಕ್ನಾಲಜಿ ಅಂದರೆ ನಗುವವರೇ ಹೆಚ್ಚು. ಸುತ್ತ ನಾಲ್ಕು ತಾಲ್ಲೂಕು ಕಬ್ಬೇ ಇರುವಾಗ ಅದನ್ನು ಓದುವುದೇನು ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ. ನಮ್ಮಪ್ಪ ರಾವಸಾಹೇಬ ಕಬ್ಬಿನ ಗಣಿಕೆ ಕಚ್ಚಿ, ಕಣ್ಣು ಮುಚ್ಚಿ, ಇದು ಇನ್ನೂ ಹದಿನೈದು ದಿನ ನಿಲ್ಲಲಿ ಅನ್ನುತ್ತಾನೆ. ಅವನ ನಾಲಿಗೆಗೆ ಗೊತ್ತಿರುವುದನ್ನು ಫ್ಯಾಕ್ಟರಿಯ ಲ್ಯಾಬಿನವರಿಗೆ ಯಂತ್ರ ಹೇಳುತ್ತದೆ. ಆದರೆ ಗೇಟಿನ ಹೊರಗೆ ಎರಡು ದಿನ ಟ್ರ್ಯಾಕ್ಟರ್ ಮೇಲೆ ಒಣಗಿದ ಕಬ್ಬಿನ ಸಿಹಿ ಎಲ್ಲಿ ಹೋಯಿತೆಂದು ಅಪ್ಪ ಕೇಳಿದರೆ ಅವನ ಭಾಷೆಯಲ್ಲಿ ಉತ್ತರ ಕೊಡುವವರು ಆ ಲ್ಯಾಬಿನಲ್ಲಿ ಒಬ್ಬರೂ ಇಲ್ಲ. ಬಿಳಿ ಕೋಟು ಹಾಕಿಕೊಂಡು ಆ ಯಂತ್ರದ ಮುಂದೆ ಕೂರುವವಳು ನಾನಾಗಬೇಕು ಎಂದು ಮೊದಲ ವರ್ಷದಲ್ಲೇ ನಿರ್ಧರಿಸಿದ್ದೆ. ಈ ಇಲೆಕ್ಟಿವ್‌ನಲ್ಲಿ ವಾರಕ್ಕೆರಡು ದಿನ ಫ್ಯಾಕ್ಟರಿಯಲ್ಲಿ ಟ್ರೇನಿಂಗ್, ಅದೂ ನುರಿಸುವ ಹಂಗಾಮಿನಲ್ಲಿ. ಇದು ತಪ್ಪಿದರೆ ಮತ್ತೆ ಸಿಗುವುದಿಲ್ಲ.

ತಪ್ಪು ಯಾರದೆಂದು ಯೋಚಿಸಬೇಕಾಗಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಊರಿಗೆ ಹೋಗುವವರು ಪಾಸ್‌ವರ್ಡನ್ನು ಕ್ಲಾಸಿನ ಪ್ರತಿನಿಧಿ, ಅಂದರೆ ಸಿ.ಆರ್. ಕೈಗೆ ಕೊಟ್ಟು ಹೋಗುತ್ತಾರೆ, ಇಲೆಕ್ಟಿವ್ ಆರಿಸುವ ಪೋರ್ಟಲ್ ತೆರೆದ ಕೂಡಲೇ ಅವನು ಎಲ್ಲರ ಫಾರ್ಮ್ ತುಂಬುತ್ತಾನೆ. ಸಿ.ಆರ್. ಭರತ. ಆ ವಾರ ನಮ್ಮ ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಬಂದಿತ್ತು. ಪಾಳಿ ತಪ್ಪಿದರೆ ಮತ್ತೆ ಇಪ್ಪತ್ತು ದಿನ ಕಾಯಬೇಕು, ಹಾಗಾಗಿ ಮನೆಮಂದಿಯೆಲ್ಲ ಹೊಲದಲ್ಲಿ. ಹೊಲವಿರುವ ನದಿ ದಂಡೆಯಲ್ಲಿ ಟವರ್ ಸಿಗುವುದಿಲ್ಲ. ಹಿಂದಿನ ದಿನವೇ ಅವನಿಗೆ ವಾಯ್ಸ್ ಮೆಸೇಜ್ ಕಳಿಸಿದ್ದೆ: "ಶುಗರ್ ಹಾಕು, ಮರೀಬ್ಯಾಡ." ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ದ. ಅದರ ಪಕ್ಕ ಒಂದು ನಗುವ ಮುಖ ಬೇರೆ.

ಭರತನ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಧ ಮಾತ್ರ ಅರ್ಥವಾಗುತ್ತದೆ. ಅವನ ಮನೆಯವರದು ದ್ರಾಕ್ಷಿ ತೋಟ. ಮೂರನೇ ಸೆಮಿಸ್ಟರಿನಲ್ಲಿ ಅವನು ಅಪ್ಪನ ಬಳಿಯಿದ್ದ, ದ್ರಾಕ್ಷಿಯ ಸಿಹಿ ಅಳೆಯುವ ದುರ್ಬೀನಿನಂಥ ಕೊಳವೆ ತಂದಿದ್ದ. ನಾನು ನಮ್ಮ ಹೊಲದ ಕಬ್ಬಿನ ಹಾಲಿನ ಹನಿ ಹಾಕಿ ಕಣ್ಣಿಟ್ಟೆ. ಏನೂ ಕಾಣಲಿಲ್ಲ.

"ಬೆಳಕಿನ ಕಡೆ ತಿರುಗು," ಎಂದ.

ತಿರುಗಿದೆ. ಬೆಳಕಿನ ಕಡೆ ಅವನೇ ನಿಂತಿದ್ದ. ನನ್ನನ್ನು ನೋಡಿದಾಗ ಅವನಿಗೆ ಮೊದಲು ಹುಬ್ಬು ನಗುತ್ತದೆ, ಆಮೇಲೆ ತುಟಿ. ಅವತ್ತಿನಿಂದ ಲ್ಯಾಬಿನಲ್ಲಿ ನಮ್ಮದು ಒಂದೇ ಬೆಂಚು. ಇಬ್ಬರೂ ಏನೂ ಹೇಳಿರಲಿಲ್ಲ. ನಾನಂತೂ ಅವನು ಹೇಳಲಿ ಎಂದು ಮೂರು ಸೆಮಿಸ್ಟರ್ ಕಾದಿದ್ದೆ.

ಅಂಥವನು ಕ್ಯಾಂಟೀನಿನಲ್ಲಿ ಮಿಸಳ್ ತಿನ್ನುತ್ತ ಕುಳಿತಿದ್ದ. ನನ್ನನ್ನು ಕಂಡ ಕೂಡಲೇ ಹುಬ್ಬು ನಕ್ಕಿತು. ತುಟಿಯವರೆಗೆ ಬರಲು ನಾನು ಬಿಡಲಿಲ್ಲ.

"ನನ್ನ ಫಾರ್ಮ್‌ದಾಗ ಏನ ಹಾಕಿದಿ?"

"ಅದು... ಸರ್ವರ್ ಪ್ರಾಬ್ಲೆಮ್ ಇತ್ತ ದಾನಿ. ಒತ್ತಿದ್ದೊಂದು, ಆದದ್ದೊಂದು."

"ಐವತ್ತೆಂಟ ಮಂದೀದು ಬರೋಬ್ಬರಿ ಆಗೇತಿ. ನನ್ನೊಬ್ಬಾಕಿ ಮ್ಯಾಲ ಸರ್ವರ್‌ಗೆ ಸಿಟ್ಟ ಇತ್ತೇನು?"

ಅವನು ಚಮಚ ಕೆಳಗಿಟ್ಟ. ಕಾಗವಾಡದವನು ಸಿಕ್ಕಿಬಿದ್ದರೆ ಮರಾಠಿಗೆ ಜಾರುತ್ತಾನೆ.

"ಚೂಕ್ ಝಾಲಿ, ದಾನಿ. ತಪ್ಪಾತು."

"ಮಿಸಳ್‌ದಾಗ ಉಪ್ಪ ಹೆಚ್ಚಾದ್ರ ಅದು ಚೂಕ್. ಖರೇ ಹೇಳು, ನೀನ ಹಾಕಿದ್ದಿ ಹೌದೋ ಅಲ್ಲೋ?"

ಸುತ್ತಲಿನ ಟೇಬಲ್‌ಗಳವರು ನಮ್ಮತ್ತ ತಿರುಗಿದರು. ಅವನು ತಲೆ ತಗ್ಗಿಸಿದ.

"ಹೌದು. ನಾನ ಹಾಕ್ದೆ. ಶುಗರ್‌ನವ್ರು ವಾರಕ್ಕ ಎಲ್ಡ ದಿನ ಫ್ಯಾಕ್ಟರಿಗೆ ಹೋಗ್ತಾರ. ಉಳದ ದಿನಾನೂ ಕ್ಲಾಸ್ ಬ್ಯಾರೆ, ಲ್ಯಾಬ್ ಬ್ಯಾರೆ. ನಾ ನಿನ್ನ ನೋಡೂದ ಯಾವಾಗ? ನನ್ನ ಬಾಜೂಕ ನೀ ಇಲ್ಲಂದ್ರ ನನಗ..."

ಮೂರು ಸೆಮಿಸ್ಟರ್ ಕಾದ ಮಾತು ಅದು. ಎದೆಯಲ್ಲಿ ಏನೋ ಝಲ್ಲೆಂದಿತು, ಸುಳ್ಳು ಹೇಳುವುದಿಲ್ಲ. ಕುಣಿಯಬೇಕಾದ ಹೊತ್ತಿನಲ್ಲಿ ನನ್ನನ್ನು ಹೀಗೆ ಉರಿಯುವಂತೆ ಮಾಡಿದ್ದಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

"ನನ್ನ ಬಾಜೂಕ ಕೂಡಬೇಕಿತ್ತಂದ್ರ ನೀ ಶುಗರ್‌ಗೆ ಬರಬೇಕಿತ್ತು ಭರತ. ನನ್ನ ಯಾಕ ಎಳದಿ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಹೇಳು. ಯಾಕ ಬರಲಿಲ್ಲ?"

"ನಮ್ದು... ದ್ರಾಕ್ಷಿ ತೋಟ ಐತಿ. ಒಣದ್ರಾಕ್ಷಿ ಶೆಡ್ ಹಾಕಬೇಕಂತ ಮಾಡೇನಿ. ನನಗ ಫುಡ್ ಬೇಕ..."

"ನಿನಗ ಬೇಕು. ಹಾಂ. ನಿನ್ನ ದ್ರಾಕ್ಷಿ ಅಂದ್ರ ಜೀವನ, ನಮ್ಮ ಕಬ್ಬಂದ್ರ ಬರೇ ಹಟ. ಹೌದಿಲ್ಲೋ?"

ಅವನ ಮುಖ ಬಿಳಚಿಕೊಂಡಿತು. ಈ ಪ್ರಶ್ನೆ ಅವನ ತಲೆಗೆ ಬಂದೇ ಇರಲಿಲ್ಲ ಎಂಬುದು ಆ ಮುಖದಲ್ಲೇ ಕಂಡಿತು. ಬಂದ ಮೇಲೂ ಹೀಗೆ ಮಾಡಿದ್ದರೆ ನಾನು ಆ ಮಿಸಳ್ ತಟ್ಟೆಯನ್ನು ಅವನ ತಲೆಯ ಮೇಲೆ ಸುರಿಯುತ್ತಿದ್ದೆ. ಸುರಿಯದೆ ಹೊರಗೆ ನಡೆದೆ.

ವಿಭಾಗದ ಮುಖ್ಯಸ್ಥರು ಸಿದ್ದಲಿಂಗ ಸರ್. ಕಡಿಮೆ ಮಾತಿನವರು. ನಾನು ಹೇಳಿದ್ದನ್ನೆಲ್ಲ ಪೆನ್ನಿನ ಕ್ಯಾಪು ತಿರುಗಿಸುತ್ತ ಕೇಳಿದರು.

"ನೀ ಹಾಕಿಲ್ಲ. ಹಂಗಾರ ಯಾರ ಹಾಕಿದ್ರು?"

ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೊರಬರಲಿಲ್ಲ. ನನ್ನ ನಾಲಿಗೆಯ ಮೇಲೂ ಸಿಟ್ಟು ಬಂತು.

"ನೋಡವ್ವಾ," ಎಂದರು ಸರ್, "ಪೋರ್ಟಲ್ ಮುಚ್ಚೇತಿ. ನೀನ ಆರಿಸಿ ಈಗ ಮನಸ್ಸ ಬದ್ಲ ಮಾಡಿದ್ರ ನನ್ನ ಕೈಯಾಗ ಏನೂ ಇಲ್ಲ. ಬ್ಯಾರೆಯವ್ರು ಹಾಕಿದ್ರ, ಅವ್ರು ಯಾಕ ಹಾಕಿದ್ರಂತ ಬರ್ದು ಸಹಿ ಮಾಡ್ಲಿ. ಅವರ ಮನೀಗೆ ಪತ್ರ ಹೋಗ್ತೈತಿ. ನಾಕ ಗಂಟೆಕ್ಕ ಲಿಸ್ಟ್ ಯುನಿವರ್ಸಿಟಿಗೆ ಕಳಸ್ತೀನಿ."

ಹೊರಗೆ ಬೇವಿನ ಮರದ ಕೆಳಗೆ ಭರತ ನಿಂತಿದ್ದ. ಸರ್ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದೆ.

"ಮನೀಗೆ ಪತ್ರ?" ಅವನ ದನಿ ಸಣ್ಣದಾಯಿತು. ಅವನ ಅಪ್ಪ ತಾತ್ಯಾಸಾಹೇಬರು ಮಗ ಸಿ.ಆರ್. ಆದದ್ದಕ್ಕೆ ಇಡೀ ಓಣಿಗೆ ಪೇಢೆ ಹಂಚಿದವರು. "ಅಪ್ಪ ಮಂದಿ ಮುಂದ ಹೆಂಗ ಮಾರಿ ತೋರಸ್ತಾನ ದಾನಿ? ಬ್ಯಾರೆ ದಾರಿ ಇಲ್ಲೇನು?"

"ಐತಿ. ನಾ ನಿನ್ನ ಹೆಸರ ಬರ್ದು ಕಂಪ್ಲೇಂಟ್ ಕೊಡೂದು. ನಾಕರ ತನಕ ಟೈಮ್ ಐತಿ, ಯಾವ್ದ ಬೇಕ ನೋಡು. ನಿನಗರ ಆರ್ಸಾಕ ಬಿಟ್ಟೇನಿ."

ಅವನು ಹೊರಟುಹೋದ.

ನಾನು ಲೈಬ್ರರಿಯಲ್ಲಿ ಕೂತೆ. ಒಂದು ಗಂಟೆಯಾಯಿತು, ಎರಡಾಯಿತು. ಅವನ ಫೋನ್ ಸ್ವಿಚ್ಡ್ ಆಫ್. ಅವನ ಬೈಕು ಸ್ಟ್ಯಾಂಡಿನಲ್ಲಿಲ್ಲ ಎಂದು ಸುಜಾತಾ ಬಂದು ಹೇಳಿದಳು. "ಓಡ್ಯಾನ ನೋಡು. ಗಂಡಸೂರ ಜಾತಿನ ಅಷ್ಟು," ಎಂದಳು. ಅವಳ ಮಾತಿಗೆ ನನಗೆ ಅಳು ಬಂತು. ಓಡಿಹೋಗುವವನಿಗಾಗಿ ಮೂರು ಸೆಮಿಸ್ಟರ್ ಕಾದೆನಲ್ಲ ಎಂದು ಅತ್ತೆ. ಅತ್ತು ಮುಗಿಸಿ ಬಿಳಿ ಹಾಳೆ ತೆಗೆದು ಕಂಪ್ಲೇಂಟ್ ಬರೆದೆ. ಈ ಸಲ ಅವನ ಹೆಸರು ನಿಲ್ಲದೆ ಹೊರಬಂತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸರ್ ಕೋಣೆಯ ಬಾಗಿಲು ತಳ್ಳಿದೆ.

ಭರತ ಒಳಗಿದ್ದ. ಟೇಬಲ್ಲಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದ. ಕಸದ ಬುಟ್ಟಿಯಲ್ಲಿ ಹರಿದ ಹಾಳೆಗಳು.

"ಬಾರವ್ವಾ," ಎಂದರು ಸರ್. "ಇಂವ ಕಾಗವಾಡಕ್ಕ ಹೋಗಿ ಬಂದಾನ. ಪತ್ರ ಹೋಗೂಕಿಂತ ಮೊದಲ ತಾನ ಅಪ್ಪಗ ಹೇಳಬೇಕಿತ್ತಂತ. ಹೇಳಿ, ಬೈಸ್ಕೊಂಡು, ಎರಡೂವರೆಗೆ ಬಂದು ಕುಂತಾನ. ಮೊದ್ಲ ಮೈಮರೆತು ಅಂತ ಬರ್ದ, ಹರದ್ನಿ. ಆಮ್ಯಾಗ ನೆಟ್‌ವರ್ಕ್ ಅಂತ ಬರ್ದ, ಅದನ್ನೂ ಹರದ್ನಿ. ಈಗ ಏನ ಬರ್ದಾನ, ನೀನ ಓದು. ದೊಡ್ಡದಾಗಿ ಓದು."

ಹಾಳೆ ತೆಗೆದುಕೊಂಡೆ.

"ದಾನೇಶ್ವರಿ ಶುಗರ್ ಟೆಕ್ನಾಲಜಿ ಕೇಳಿದ್ದಳು. ನಾನು ಬೇಕೆಂದೇ ಫುಡ್ ಪ್ರೊಸೆಸಿಂಗ್ ಹಾಕಿದೆ. ಅವಳು ನನ್ನ ಪಕ್ಕದಲ್ಲಿ ಕೂರಲಿ ಎಂಬ ಆಸೆಯಿಂದ ಹಾಗೆ ಮಾಡಿದೆ. ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಓದಿ ಮುಗಿಸಿ ತಲೆಯೆತ್ತಿದೆ. ಭರತ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ, ಕಿವಿಗಳು ಕೆಂಪಾಗಿದ್ದವು.

ಸರ್ ಪೆನ್ನು ತೆಗೆದರು. "ಶುಗರ್‌ಗೆ ಹದಿನೈದ ಆತು. ಕ್ಲಾಸ್ ನಡೀತೈತಿ." ನನ್ನ ಕಡೆ ನೋಡಿದರು. "ಇವನ ಸಿ.ಆರ್.ಕಿ ತಗದ ಬಿಡ್ಲೇನು? ಖರೇ ಬರ್ದಾನ, ಬಿಟ್ಟ ಬಿಡ್ರಿ ಅಂದ್ರ ಬಿಡ್ತೀನಿ."

ಅವನು ತಿರುಗಿ ನೋಡಲಿಲ್ಲ. ನಾನು ಅರೆಕ್ಷಣವೂ ಯೋಚಿಸಲಿಲ್ಲ.

"ತಗೀರಿ ಸರ್. ಮಂದಿ ಪಾಸ್‌ವರ್ಡ್ ಇವನ ಕೈಯಾಗ ಇರೂದ ಬ್ಯಾಡ."

"ಬರೋಬ್ಬರಿ," ಎಂದರು ಸರ್, ನಗದೆ.

ಕಾರಿಡಾರಿನಲ್ಲಿ ಇಬ್ಬರೇ ಉಳಿದೆವು. ಕಂಪ್ಲೇಂಟ್ ಹಾಳೆ ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಅವನು ನನ್ನಿಂದ ನಾಲ್ಕು ಹೆಜ್ಜೆ ದೂರ ನಿಂತ. ಮೊದಲಾದರೆ ಒಂದು ಹೆಜ್ಜೆ ಇರುತ್ತಿತ್ತು.

"ಸರ್ ನನಗೂ ಬದ್ಲ ಮಾಡಾಕ ಕೊಡ್ತೀನಿ ಅಂದಾರ," ಎಂದ. "ನಾ ಶುಗರ್‌ಗೆ ಬರ್ಲೇನು? ನೀ ಹೂಂ ಅಂದ್ರ ಅಷ್ಟ."

"ಬ್ಯಾಡ."

"ಯಾಕ?"

"ದ್ರಾಕ್ಷಿ ಬಿಟ್ಟ ಬಂದ್ರ ನಾಳೆ ನನ್ನ ಸಲುವಾಗಿ ಬಿಟ್ನಿ ಅಂತಿ. ಆ ಭಾರ ನನಗ ಬ್ಯಾಡ. ನಿಂದು ನೀ ಓದು."

ತಲೆಯಾಡಿಸಿದ. ಆಮೇಲೆ ನನ್ನನ್ನು ನೋಡಿದ.

"ಒಂದ ಕೇಳ್ತೀನಿ. ಬ್ಯಾಡಂದ್ರ ಬ್ಯಾಡನ್ನು. ದಾನಿ, ನೀ ಅಂದ್ರ ನನಗ ಜೀವ. ಇದನ್ನ ಮೊದಲ ಹೇಳಬೇಕಿತ್ತು, ಫಾರ್ಮ್‌ದಾಗ ಬರ್ದ್ನಿ, ಹುಚ್ಚ ನಾ. ದಿನಾ ಸಂಜೀಕ ನಿನ್ನ ಕ್ಲಾಸ್ ಬಿಡೂದ್ರಾಗ ಬಂದು ಬಾಗಲ್ದಾಗ ನಿಂದರ್ಲೇನು?"

ನನ್ನ ಬಾಯಲ್ಲಿ ಹೂಂ ಬಂದು ನಿಂತಿತ್ತು. ಆದರೂ ಬೇಕೆಂದೇ, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

"ಬ್ಯಾಡ."

ಈಗ ಗೋಗರೆಯುತ್ತಾನೆ, ಇಲ್ಲವೇ ನಗಿಸಲು ನೋಡುತ್ತಾನೆ ಅಂದುಕೊಂಡೆ. ಹಾಗೇನಾದರೂ ಮಾಡಿದ್ದರೆ ಇವತ್ತು ಈ ಕಥೆ ಹೇಳುತ್ತಿರಲಿಲ್ಲ. ಅವನ ಮುಖ ಬಾಡಿತು.

"ಆತು," ಎಂದ.

ಅಷ್ಟೇ. ತಿರುಗಿ ಮೆಟ್ಟಿಲಿಳಿದ. ಒಂದೊಂದೇ ಮೆಟ್ಟಿಲು, ನಿಧಾನವಾಗಿ, ಹಿಂದೆ ತಿರುಗಿ ನೋಡದೆ. ಹನ್ನೆರಡು ಮೆಟ್ಟಿಲು. ಅವನು ಕೊನೆಯದರ ಮೇಲೆ ಇದ್ದಾಗ ನನ್ನೊಳಗೆ ಬೆಳಗಿನಿಂದ ಬಿಗಿದುಕೊಂಡಿದ್ದ ಗಂಟು ಸಡಿಲವಾಯಿತು.

"ಭರತಾ!"

ನಿಂತ. ತಿರುಗಿದ. ಹತ್ತಿ ಬರಲಿಲ್ಲ.

"ಮಂಗಳವಾರ, ಶುಕ್ರವಾರ ನಾ ಫ್ಯಾಕ್ಟರಿಯಾಗ ಇರ್ತೀನಿ. ಉಳದ ದಿನ ಐದ ಗಂಟೆಕ್ಕ ನಾನ ನಿಮ್ಮ ಲ್ಯಾಬಿಗೆ ಬರ್ತೀನಿ. ನೀ ಬರಬ್ಯಾಡ. ಯಾವಾಗ ಬರೂದು, ಎಷ್ಟೊತ್ತ ಕೂಡೂದು, ನಾ ನೋಡ್ತೀನಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹುಬ್ಬು ನಕ್ಕಿತು. ತುಟಿ ಮಾತ್ರ ಅನುಮತಿಗೆ ಕಾದಂತೆ ಅಲ್ಲೇ ಉಳಿಯಿತು.

"ಸಿಟ್ಟ ಹೋತೇನು?" ಎಂದ, ಮೆಲ್ಲಗೆ.

"ಇಲ್ಲ. ಹೊಟ್ಟಿ ತುಂಬ ಐತಿ." ಜೋರಾಗಿಯೇ ಹೇಳಿದೆ, ಇಡೀ ಬ್ಲಾಕಿಗೆ ಕೇಳಲಿ ಎಂದು. "ನೀ ನನಗ ಸೇರತಿ. ಭಾಳ ಸೇರತಿ. ಸಿಟ್ಟೂ ಇರ್ತೈತಿ, ಅದೂ ಇರ್ತೈತಿ. ಎಲ್ಡನ್ನೂ ನಾನ ಆರಿಸಿಕೊಂಡೇನಿ."